ಯುವಜನರ ಲೈಂಗಿಕ ಆರೋಗ್ಯ: ಮೊಬೈಲ್‌ನಲ್ಲಿ ಮಾಹಿತಿ, ಚಿಕಿತ್ಸೆಗೆ ವಯಸ್ಸಿನ ತೊಡಕು

ಋತುಚಕ್ರದ ಏರುಪೇರು, ಗರ್ಭನಿರೋಧಕ, ಲೈಂಗಿಕ ಸೋಂಕು ಮುಂತಾದ ವಿಷಯಗಳನ್ನು ವೈದ್ಯರ ಬಳಿ ಪ್ರಸ್ತಾಪಿಸಲು ಸಂಕೋಚಪಡುವ ಯುವಜನರಿಗೆ ಮೊಬೈಲ್ ದೂರವಾಣಿ ಆಸರೆಯಾಗಿದೆ. ಆದರೆ ಮಾಹಿತಿ ಪಡೆದಷ್ಟು ಸುಲಭವಾಗಿ ಚಿಕಿತ್ಸೆ ದೊರೆಯುವುದಿಲ್ಲ. 18 ವರ್ಷ ತುಂಬದವರಿಗಂತೂ ಹಾದಿ ಇನ್ನಷ್ಟು ಕಿರಿದು.

ಸ್ವಆರೈಕೆ ಎಂದರೇನು?

ಆರೋಗ್ಯ ಕಾರ್ಯಕರ್ತರ ನೆರವಿನಿಂದ ಅಥವಾ ನೆರವಿಲ್ಲದೆ ತನ್ನ ಆರೋಗ್ಯವನ್ನು ತಾನೇ ಕಾಪಾಡಿಕೊಳ್ಳುವುದೇ ಸ್ವಆರೈಕೆ. ಈ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಚ್‌ಐವಿ ಸ್ವಪರೀಕ್ಷೆ ಅದರಲ್ಲಿ ಸೇರಿದೆ.

ಇರುವ ವ್ಯವಸ್ಥೆ

ಕೇಂದ್ರ ಸರ್ಕಾರವು 10ರಿಂದ 19 ವರ್ಷದವರಿಗಾಗಿ 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಇದರಡಿ 'ಸಾಥಿಯಾ ಸಲಾಹ್' ಎಂಬ ಮೊಬೈಲ್ ಆ್ಯಪ್ 2017ರಲ್ಲಿ ಬಿಡುಗಡೆಯಾಯಿತು. ಹದಿಹರೆಯದವರಿಗಾಗಿ ತೆರೆದಿರುವ ಆಪ್ತಸಲಹಾ ಚಿಕಿತ್ಸಾಲಯಗಳು ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂದೇ ಪರಿಚಿತ. ಎಚ್‌ಐವಿ ಸಂಬಂಧಿತ ಪ್ರಶ್ನೆಗಳಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಉಚಿತ ಸಹಾಯವಾಣಿಯಿದೆ. 2020ರಿಂದ 'ಇ-ಸಂಜೀವಿನಿ' ಮೂಲಕ ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದಾಗಿದೆ.

ಕಾನೂನಿನ ತೊಡಕು

2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅಪ್ರಾಪ್ತ ವಯಸ್ಕರು ದೂರ ಸಮಾಲೋಚನೆ ಪಡೆಯುವಾಗ, ಗುರುತು ಖಚಿತಪಟ್ಟ ವಯಸ್ಕರೊಬ್ಬರು ಜೊತೆಗಿರಬೇಕು. ಅಂದರೆ ಮನೆಯವರಿಗೆ ಹೇಳಲಾಗದೆ ಮೊಬೈಲ್ ಮೊರೆಹೋದವರು ಮತ್ತೆ ಹಿರಿಯರನ್ನೇ ಕರೆತರಬೇಕಾಗುತ್ತದೆ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ಕ್ಕಿಂತ ಕೆಳಗಿನವರ ಸಮ್ಮತಿಗೆ ಮಾನ್ಯತೆಯಿಲ್ಲ. ಇಂತಹ ಪ್ರಕರಣ ಗಮನಕ್ಕೆ ಬಂದಾಗ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಗುರುತು ಬಯಲಾಗುವ ಭಯದಿಂದ ಬಾಲಕಿಯರು ಅರ್ಹ ವೈದ್ಯರಿಂದ ದೂರವುಳಿಯಬಹುದೆಂಬುದನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಪರಿಗಣಿಸಿತು. ಗರ್ಭಪಾತ ಕೋರಿದ ಅಪ್ರಾಪ್ತೆ ಹಾಗೂ ಪೋಷಕರು ಮನವಿ ಮಾಡಿದಲ್ಲಿ, ಪೊಲೀಸರಿಗೆ ನೀಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ನಮೂದಿಸಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಆದರೆ ಅಪ್ರಾಪ್ತೆಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಈಗಲೂ ಅಗತ್ಯ.

ತಿಳಿದಿರಬೇಕಾದದ್ದು

* ವೈದ್ಯರ ಚೀಟಿಯಿಲ್ಲದೆ ದೊರೆಯುವ ಲೆವೊನಾರ್ಜೆಸ್ಟ್ರೆಲ್ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ಸೇವಿಸಬೇಕು. ತಡವಾದಷ್ಟೂ ಪರಿಣಾಮ ಕಡಿಮೆ. ಇದು ಲೈಂಗಿಕ ಸೋಂಕನ್ನು ತಡೆಯುವುದಿಲ್ಲ.

* ಎಚ್‌ಐವಿ ಸೋಂಕು ತಗುಲಿದ ಆರಂಭದ ವಾರಗಳಲ್ಲಿ ಪರೀಕ್ಷೆ 'ನೆಗೆಟಿವ್' ತೋರಿಸಬಹುದು. ಸ್ವಪರೀಕ್ಷೆಯಲ್ಲಿ 'ಪಾಸಿಟಿವ್' ಬಂದರೆ ಅದೇ ಅಂತಿಮವಲ್ಲ, ಕೇಂದ್ರದಲ್ಲಿ ದೃಢಪಡಿಸಿಕೊಳ್ಳಬೇಕು.

* ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಹಾಗೂ ಆಪ್ತಸಮಾಲೋಚನೆ ಉಚಿತ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯು ಸೋಂಕಿತರ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ಕಡ್ಡಾಯಗೊಳಿಸಿದೆ.

* ಆ್ಯಪ್ ಬಳಸುವ ಮುನ್ನ ಅದು ಯಾರದ್ದು, ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಏಕೆ ಕೇಳುತ್ತದೆ ಎಂಬುದನ್ನು ಪರಿಶೀಲಿಸುವುದು ಒಳಿತು. ಮನೆಮಂದಿಯೆಲ್ಲ ಒಂದೇ ಮೊಬೈಲ್ ಬಳಸುವಲ್ಲಿ ಹುಡುಕಾಟದ ವಿವರ ಅದರಲ್ಲೇ ಉಳಿದಿರುತ್ತದೆ ಎಂಬುದೂ ನೆನಪಿರಲಿ.