ತಂದೆತಾಯಿಗಳಿಗೆ ಶಾಲೆಯ ನಿಯಮಗಳು: ಕೂಲಿಮಠದಿಂದ ಇಂದಿನವರೆಗೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ನೌಕರಿ. ಮಗಳನ್ನು ಒಂದನೆಯ ತರಗತಿಗೆ ಸೇರಿಸಿದ್ದಾನೆ. ಶಾಲೆಯವರು ಪೋಷಕರಿಗೆಂದು ಕೊಟ್ಟಿದ್ದ ನಿಯಮಗಳ ಪುಸ್ತಿಕೆಯನ್ನು ಕೈಚೀಲದಿಂದ ತೆಗೆದು ನನ್ನ ಮುಂದಿಟ್ಟ. ಮಗುವನ್ನು ಎಷ್ಟು ಗಂಟೆಗೆ ತಂದು ಬಿಡಬೇಕು, ಯಾರು ಕರೆದೊಯ್ಯಬೇಕು, ಊಟದ ಡಬ್ಬಿಯಲ್ಲಿ ಏನಿರಬೇಕು, ಜ್ವರ ಬಂದರೆ ಎಷ್ಟು ದಿನ ಕಳುಹಿಸಬಾರದು, ಶಿಕ್ಷಕರನ್ನು ಯಾವ ವಾರ ಕಾಣಬಹುದು, ಎಲ್ಲವೂ ಅದರಲ್ಲಿದ್ದವು. ಕೊನೆಯ ಪುಟದಲ್ಲಿ ತಂದೆ ಮತ್ತು ತಾಯಿ ಇಬ್ಬರೂ ಸಹಿ ಹಾಕಬೇಕು.

"ಸಾರ್, ನಮ್ಮಪ್ಪ ನನ್ನನ್ನು ನಿಮ್ಮ ಹತ್ತಿರ ತಂದು ಬಿಟ್ಟಾಗ ಇಂಥದ್ದೇನಾದರೂ ಇತ್ತೇ?" ಎಂದು ನಗುತ್ತಾ ಕೇಳಿದ.

"ನಿಮ್ಮಪ್ಪ ಹೇಳಿದ್ದು ಒಂದೇ ಮಾತು. ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ನಿಮ್ಮದು ಸಾರ್ ಅಂತ," ಎಂದೆ. ಇಬ್ಬರೂ ನಕ್ಕೆವು. ಆದರೆ ಅವನು ಹೋದ ಮೇಲೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಮಕ್ಕಳಿಗೆ ಶಾಲೆ ಹಾಕುವ ನಿಯಮಗಳ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ತಂದೆತಾಯಿಗಳ ಮೇಲೆ ಬಿದ್ದ ನಿಯಮಗಳಿಗೂ ಒಂದು ಚರಿತ್ರೆಯಿದೆ. ಅದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಳ್ಳಾರಿ ಸೀಮೆಯಿಂದಲೇ ಆರಂಭಿಸೋಣ. 1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ, ತನ್ನ ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆಯೆಂದು ಎಲ್ಲ ಕಲೆಕ್ಟರರಿಂದ ವರದಿ ತರಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಅವುಗಳಲ್ಲೆಲ್ಲ ಸ್ವಾರಸ್ಯವಾದದ್ದು. ಈತ ತೆಲುಗಿಗೆ ವ್ಯಾಕರಣ ಬರೆದ ವಿದ್ವಾಂಸ. ಅವನ ಲೆಕ್ಕದಂತೆ ಜಿಲ್ಲೆಯ 9,27,857 ಜನರಿಗೆ ಇದ್ದ ಶಾಲೆಗಳು 533. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಕಡೆಯೂ ಸೇರಿತ್ತು ಎಂಬುದನ್ನು ನೆನೆದರೆ ತೆಲುಗು ಶಾಲೆಗಳ ಸಂಖ್ಯೆ ಅರ್ಥವಾಗುತ್ತದೆ. ಓದುತ್ತಿದ್ದವರು ಒಟ್ಟು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದ ಶಾಲೆಗಳು ಇವೇ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಅಯ್ಯಗಳನ್ನೂ ಅವರ ಶಿಷ್ಯರೆಲ್ಲರನ್ನೂ ಮನೆಗೆ ಕರೆಯಬೇಕಾಗಿತ್ತು ಎಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಗಣಪತಿಯ ವಿಗ್ರಹದ ಸುತ್ತ ಎಲ್ಲರೂ ಕುಳಿತು, ಮಗುವನ್ನು ದೇವರ ಎದುರಿಗೆ ಕೂರಿಸಿ, ಅಯ್ಯಗಳು ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ತಂದೆತಾಯಿಗಳು ಶಕ್ತ್ಯಾನುಸಾರ ಕಾಣಿಕೆ ಸಲ್ಲಿಸುತ್ತಿದ್ದರು. ಮರುದಿನದಿಂದ ಪಾಠ. ಅಂದರೆ ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಮತ್ತೆ ಹೇಳುತ್ತೇನೆ.

ಬೆಳಿಗ್ಗೆ ಆರು ಗಂಟೆಗೆ ಮಠ ತೆರೆಯುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು. ಮಗುವನ್ನು ಹೊತ್ತಿಗೆ ಮುಂಚೆ ಎಬ್ಬಿಸಿ ಕಳುಹಿಸಬೇಕೆಂಬ ನಿಯಮವನ್ನು ತಾಯಂದಿರಿಗೆ ಯಾರೂ ಬರೆದುಕೊಡಬೇಕಾಗಿರಲಿಲ್ಲ. ಮಗುವಿನ ಅಂಗೈಯನ್ನು ನೋಡಿದರೆ ಸಾಕಾಗಿತ್ತು. ಸೋಮಾರಿಗಳನ್ನು ಕೈಕಟ್ಟಿ ತೊಲೆಗೆ ತೂಗುಹಾಕುವ ಶಿಕ್ಷೆಯನ್ನೂ ಆ ವರದಿ ಹೇಳುತ್ತದೆ. ಆದ್ದರಿಂದ ಹಳೆಯ ಕಾಲವನ್ನು ಸುಮ್ಮನೆ ಹೊಗಳಿ ಪ್ರಯೋಜನವಿಲ್ಲ.

ವರದಿಯ ಇನ್ನೊಂದು ಮಾತು ಮುಖ್ಯವಾದದ್ದು. ಅನೇಕ ತಂದೆತಾಯಿಗಳು ಬಡತನದಿಂದ ಮಕ್ಕಳನ್ನು ನಡುವೆಯೇ ಬಿಡಿಸಿಬಿಡುತ್ತಾರೆ, ಮೊದಲು ಶಾಲೆಗಳಿದ್ದ ಹಲವು ಊರುಗಳಲ್ಲಿ ಈಗ ಶಾಲೆಯೇ ಇಲ್ಲ, ಇದಕ್ಕೆ ನಾಡು ಕ್ರಮೇಣ ಬಡವಾಗುತ್ತಿರುವುದೇ ಕಾರಣ ಎಂದು ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ಬರೆದ. ವಿಲಾಯತಿ ಬಟ್ಟೆಯಿಂದ ನಮ್ಮ ನೇಕಾರರ ಜೀವನ ಕೆಟ್ಟದ್ದನ್ನೂ ಹೇಳಿದ. ಮಗು ಶಾಲೆಗೆ ಬಾರದಿರುವುದಕ್ಕೆ ತಂದೆತಾಯಿಗಳ ಉದಾಸೀನವೇ ಕಾರಣವೆಂದು ಈ ಇನ್ನೂರು ವರ್ಷ ಹೇಳುತ್ತಾ ಬಂದವರು ಆ ಪುಟವನ್ನೊಮ್ಮೆ ಓದಬೇಕಾಗಿತ್ತು.

1854ರಲ್ಲಿ ವುಡ್‌ನ ಶಿಕ್ಷಣ ನಿರೂಪ ಬಂದಿತು. 1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾಯಿತು. ಇಲಾಖೆಯ ಹಿಂದೆಯೇ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರರ ಭೇಟಿ, ವರ್ಗಾವಣೆ ಪತ್ರ ಬಂದವು. ಅಲ್ಲಿಯವರೆಗೆ ಬಾಯಿಮಾತಿನಲ್ಲಿದ್ದ ಒಪ್ಪಂದ ಕಾಗದಕ್ಕೆ ಇಳಿಯಿತು. ಕಾಗದವೆಂದ ಮೇಲೆ ಹುಟ್ಟಿದ ದಿನಾಂಕ ಬೇಕು. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಹಳ್ಳಿಗಳಲ್ಲಿ ಅದು ರೂಢಿಗೆ ಬರಲು ಮತ್ತೂ ಬಹಳ ವರ್ಷಗಳು ಹಿಡಿದವು. ತಾಯಿಯನ್ನು ಕೇಳಿದರೆ "ದೊಡ್ಡ ಮಳೆ ಬಂದ ವರ್ಷ, ಕಾರಹುಣ್ಣಿಮೆ ಆದ ಮೂರು ದಿನಕ್ಕೆ" ಎನ್ನುತ್ತಿದ್ದಳು. ಆಗ ನಮಗಿದ್ದದ್ದು ಒಂದೇ ಅಳತೆಗೋಲು. ಮಗು ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ದಾಖಲು, ಮುಟ್ಟದಿದ್ದರೆ ಮುಂದಿನ ವರ್ಷ. ದಿನಾಂಕವನ್ನು ಜೂನ್ ತಿಂಗಳ ಆರಂಭಕ್ಕೆ ಹೊಂದಿಸಿ ನಾವೇ ಬರೆದುಕೊಳ್ಳುತ್ತಿದ್ದೆವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಜೂನ್ 1ರಂದು ಹುಟ್ಟಿದವರಿದ್ದೀರಿ. ಆ ಜನ್ಮದಿನ ನಾನು ಕೊಟ್ಟದ್ದು, ಕ್ಷಮಿಸಿ.

ಇನ್ನು ಕಡ್ಡಾಯ ಶಿಕ್ಷಣದ ಮಾತು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆ ತಂದರು. 1912ರ ಮಾರ್ಚ್‌ನಲ್ಲಿ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾನೂನು ಬಂದು ಆಯ್ದ ಕೇಂದ್ರಗಳಲ್ಲಿ ಹಾಜರಿ ಕಡ್ಡಾಯವಾಯಿತು. ಮುಂಬಯಿ ಪ್ರಾಂತದಲ್ಲಿ 1918ರಲ್ಲಿ, ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತದಲ್ಲಿ 1920ರಲ್ಲಿ ಇಂಥದೇ ಕಾಯಿದೆಗಳು ಬಂದವು.

ಇವು ದೊಡ್ಡ ಹೆಜ್ಜೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಡ್ಡಾಯವೆಂದರೆ ಯಾರಿಗೆ ಕಡ್ಡಾಯ? ಕಾನೂನು ಕೈಮಾಡಿ ತೋರಿಸಿದ್ದು ತಂದೆಯ ಕಡೆಗೆ. ಮಗನನ್ನು ಕಳುಹಿಸದ ತಂದೆ ತಪ್ಪಿತಸ್ಥನಾದ. ಅವನಿಗೆ ನೋಟೀಸು, ದಂಡ. ಗೋಖಲೆಯವರಿಗೆ ಇದರ ತೊಡಕು ಗೊತ್ತಿತ್ತು. ಕಾಯಿಲೆ, ಮನೆಯ ಅನಿವಾರ್ಯ, ಬೇಸಾಯದ ಹಂಗಾಮಿನ ಕೆಲಸ, ಇವುಗಳಿಗೆ ವಿನಾಯಿತಿ ಇರಬೇಕೆಂದು ಅವರು ತಮ್ಮ ಮಸೂದೆಯಲ್ಲಿ ಸೇರಿಸಿದ್ದರು. ಸುಗ್ಗಿಯ ದಿನಗಳಲ್ಲಿ ಬಡವನ ಮನೆಯಲ್ಲಿ ಏನಾಗುತ್ತದೆಂಬುದನ್ನು ಅರಿತವರ ಮಾತು ಅದು.

ಸ್ವಾತಂತ್ರ್ಯಾನಂತರ ಸಂವಿಧಾನದ 45ನೆಯ ವಿಧಿಯು ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣ ದೊರಕಿಸಲು ಯತ್ನಿಸಬೇಕೆಂದಿತು. ನಮ್ಮ ರಾಜ್ಯದಲ್ಲಿ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಹಾಜರಿ ಅಧಿಕಾರಿ, ಹಾಜರಿ ಆದೇಶ, ದಂಡ, ಎಲ್ಲವೂ ಅದರಲ್ಲಿದ್ದವು. ನಾನು ಸೇವೆಗೆ ಸೇರಿದ್ದು ಆ ಕಾಯಿದೆಯ ಕಾಲದಲ್ಲಿ. ಅದರ ಅಡಿಯಲ್ಲಿ ನೋಟೀಸು ಪಡೆದ ಒಬ್ಬ ತಂದೆಯನ್ನೂ ನಾನು ಕಾಣಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಬೇರೆ ಆಯುಧ: ಕೆಂಪು ಶಾಯಿ. ಬಹಳ ದಿನ ಬಾರದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವುದು. ಪುಸ್ತಕ ಚೊಕ್ಕಟವಾಗಿ ಕಾಣುತ್ತಿತ್ತು. ಸರಾಸರಿ ಹಾಜರಿಯೂ ಏರುತ್ತಿತ್ತು.

1978ರ ಮಾತು. ನಾನಿದ್ದದ್ದು ಮಳೆಯನ್ನೇ ನಂಬಿದ ಊರು. ಅಲ್ಲಿನ ಬಡವರು ಭತ್ತದ ಕೊಯ್ಲಿಗೆ ತುಂಗಭದ್ರೆಯ ಕಾಲುವೆ ಕೆಳಗಿನ ಊರುಗಳಿಗೆ ಕುಟುಂಬಸಮೇತ ಹೋಗುತ್ತಿದ್ದರು. ಮೂರನೆಯ ತರಗತಿಯ ಒಬ್ಬ ಹುಡುಗಿ ಹಸುಗೂಸು ತಮ್ಮನನ್ನು ನೋಡಿಕೊಳ್ಳಲು ಅವರ ಜೊತೆ ಹೋದಳು. ಚುರುಕು ಹುಡುಗಿ, ದುಂಡಗೆ ಬರೆಯುತ್ತಿದ್ದಳು. ವಾರಗಟ್ಟಲೆ ಬರಲಿಲ್ಲ. ನಾನು ಹೆಸರು ಹೊಡೆದೆ. ಸುಗ್ಗಿ ಮುಗಿದ ಮೇಲೆ ತಾಯಿ ಅವಳನ್ನು ಕರೆತಂದು ಬಾಗಿಲಲ್ಲಿ ನಿಂತಳು. ಹೆಸರು ತೆಗೆದಾಗಿದೆ, ಮತ್ತೆ ಸೇರಿಸಬೇಕಾದರೆ ತಂದೆ ಬಂದು ಅರ್ಜಿ ಕೊಡಬೇಕು ಎಂದೆ. ತಂದೆ ಇನ್ನೂ ಕಾಲುವೆ ಊರಿನಲ್ಲಿಯೇ ಇದ್ದ. "ಅವರು ಬಂದಾಗ ಬರ್ತೀವಿ ಸಾರ್" ಎಂದು ಹೇಳಿ ತಾಯಿ ಮಗಳನ್ನು ಕರೆದುಕೊಂಡು ಹೋದಳು. ಅವರು ಮತ್ತೆ ಬರಲಿಲ್ಲ. ಅರ್ಜಿಯನ್ನು ನಾನೇ ಬರೆದುಕೊಂಡು ಆ ತಾಯಿಯ ಹೆಬ್ಬೆಟ್ಟು ಒತ್ತಿಸಬಹುದಾಗಿತ್ತು. ಅವರ ಮನೆಗೆ ಶಾಲೆಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ನಿಯಮದ ಪ್ರಕಾರ ನನ್ನದೇನೂ ತಪ್ಪಿರಲಿಲ್ಲ.

2001ರಲ್ಲಿ, ಡಾ. ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ, ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ನಾವೆಲ್ಲ ಎಸ್‌ಡಿಎಂಸಿ ಎಂದು ಕರೆಯುತ್ತಿದ್ದುದು ಇದನ್ನೇ. ಅಲ್ಲಿಯವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದ ತಂದೆತಾಯಿಗಳು ಒಳಗೆ ಬಂದು ಕುರ್ಚಿಯ ಮೇಲೆ ಕುಳಿತರು. ನಾನಾಗ ಇನ್ನೊಂದು ಊರಿನಲ್ಲಿ ಮುಖ್ಯೋಪಾಧ್ಯಾಯ. ಮೊದಲ ಸಭೆಯ ದಿನ ನಡಾವಳಿ ಪುಸ್ತಕಕ್ಕೆ ರುಜು ಪಡೆಯುತ್ತಿದ್ದೆ. ಒಬ್ಬ ತಾಯಿಯ ಮುಂದೆ ರೂಢಿಯಂತೆ ಹೆಬ್ಬೆಟ್ಟಿನ ಶಾಯಿಡಬ್ಬಿ ಸರಿಸಿದೆ. ಆಕೆ ಅದನ್ನು ಪಕ್ಕಕ್ಕಿಟ್ಟು ಪೆನ್ನು ಕೇಳಿದಳು. ನಿಧಾನವಾಗಿ, ದುಂಡಗೆ ತನ್ನ ಹೆಸರು ಬರೆದಳು. ಆಮೇಲೆ ತಲೆಯೆತ್ತಿ, "ನೀವೇ ಕಲಿಸಿದ್ದು ಸಾರ್. ಮೂರನೇತ್ತದಲ್ಲಿ ನನ್ನ ಹೆಸರು ಹೊಡೆದ್ರಲ್ಲ," ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳ ಮಗಳು ಆಗ ನಮ್ಮ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಳು.

ಅಂದಿನಿಂದ ನಿವೃತ್ತನಾಗುವವರೆಗೆ ನಾನು ಯಾವ ಮಗುವಿನ ಹೆಸರನ್ನೂ ಅವರ ಮನೆಗೆ ಹೋಗಿ ಬಾರದೆ ಹೊಡೆಯಲಿಲ್ಲ. ಮನೆಗೆ ಹೋದ ಮೇಲೆ ಹೊಡೆಯುವ ಪ್ರಸಂಗವೂ ಹೆಚ್ಚಾಗಿ ಬರುತ್ತಿರಲಿಲ್ಲ.

ಕಾನೂನು ಸಹ ಕೊನೆಗೆ ಅದೇ ದಾರಿಗೆ ಬಂದಿತು. 2002ರ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರಿಂದ ಹದಿನಾಲ್ಕರವರೆಗಿನ ಮಗುವಿಗೆ ಓದುವ ಅವಕಾಶ ಒದಗಿಸುವುದನ್ನು ತಂದೆತಾಯಿಗಳ ಕರ್ತವ್ಯಗಳಲ್ಲಿ ಸೇರಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೂ ಆ ಕರ್ತವ್ಯವನ್ನು ಹೇಳುತ್ತದೆ, ಆದರೆ ತಪ್ಪಿದವರಿಗೆ ದಂಡ ಹೇಳುವುದಿಲ್ಲ. ದಂಡವನ್ನು ಇಟ್ಟಿರುವುದು ಶಾಲೆಗೆ: ಪ್ರವೇಶಕ್ಕೆಂದು ವಂತಿಗೆ ಕೇಳಿದರೆ, ಮಗುವನ್ನೋ ತಂದೆತಾಯಿಗಳನ್ನೋ ಪರೀಕ್ಷಿಸಿ ಆರಿಸಿದರೆ. ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹಿಂದೆ ಕಳುಹಿಸುವಂತಿಲ್ಲ. ಹೊಡೆಯುವಂತಿಲ್ಲ. ಎಂಟನೆಯ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ, ಏಳು ದಿನ ಸತತವಾಗಿ ಬಾರದ ಮಗುವನ್ನು ಹುಡುಕಿಕೊಂಡು ಹೋಗಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ ಬಂದಿತು. ಗೈರುಹಾಜರಿಯೆಂದರೆ ಹೆಸರು ಹೊಡೆಯುವ ಕಾಲ ಹೋಗಿ, ಮನೆಯ ಬಾಗಿಲು ತಟ್ಟುವ ಕಾಲ ಬಂದಿತೆಂದು ನನಗೆ ಸಂತೋಷವಾಯಿತು.

ಹಾಗೆಂದು ತಂದೆತಾಯಿಗಳ ಪರದಾಟ ಮುಗಿಯಿತೆಂದಲ್ಲ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು; 2025-26ರಿಂದ ಜಾರಿ ಎಂದರು. ಆ ವರ್ಷದ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೆ ಸಾಕೆಂದು ಸಡಿಲಿಸಿದರು. ಅಲ್ಲಿಯವರೆಗೆ ಎಷ್ಟು ಮನೆಗಳಲ್ಲಿ ಎಷ್ಟು ಚಿಂತೆ! ಕಿವಿ ಮುಟ್ಟಿಸುವ ನಮ್ಮ ಹಳೆಯ ಪರೀಕ್ಷೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಇಷ್ಟೆಲ್ಲ ಬರೆದ ಮೇಲೆ ನನ್ನ ಶಿಷ್ಯನಿಗೆ ದೂರವಾಣಿ ಮಾಡಿ, ಪುಸ್ತಿಕೆಯಲ್ಲಿ ಗೈರುಹಾಜರಿಯ ಬಗ್ಗೆ ಏನಿದೆಯೆಂದು ಓದಿಸಿದೆ. ಮುಂಚಿತವಾಗಿ ತಿಳಿಸದೆ ಹತ್ತು ದಿನ ಬಾರದಿದ್ದರೆ ಹೆಸರು ತೆಗೆಯಲಾಗುವುದು, ಮರುಪ್ರವೇಶಕ್ಕೆ ಮತ್ತೆ ಶುಲ್ಕ ಎಂದಿತ್ತು. "ಸಹಿ ಹಾಕುವ ಮೊದಲು ಇದೊಂದನ್ನು ಶಾಲೆಯವರೊಡನೆ ವಿನಯದಿಂದ ಮಾತನಾಡು" ಎಂದೆ. "ನಮಗೇನು ಸಾರ್, ನಾವು ತಿಳಿಸದೆ ರಜೆ ಮಾಡಿಸುವುದಿಲ್ಲವಲ್ಲ" ಎಂದ. "ನಿನಗಾಗಿ ಅಲ್ಲಪ್ಪಾ" ಎಂದೆ.

ಹೊತ್ತಿಗೆ ಸರಿಯಾಗಿ ಕಳುಹಿಸಿ, ಜ್ವರವಿದ್ದರೆ ಕಳುಹಿಸಬೇಡಿ ಎನ್ನುವ ನಿಯಮಗಳು ಒಳ್ಳೆಯವೇ. ಅವನ್ನು ಪಾಲಿಸೋಣ. ಆದರೆ ನಿಯಮವನ್ನು ಪಾಲಿಸಲಾರದ ಮನೆಯ ಮಗು ಬಾರದೆಹೋದಾಗ ಶಾಲೆ ಏನು ಮಾಡುತ್ತದೆ ಎಂಬುದರಲ್ಲಿ ಶಾಲೆಯ ಯೋಗ್ಯತೆ ತಿಳಿಯುತ್ತದೆ. ಕೂಲಿಮಠದ ಅಯ್ಯಗಳು ಮೊದಲ ದಿನವಾದರೂ ಮಗುವಿನ ಮನೆಗೆ ಹೋಗಿ ಬರುತ್ತಿದ್ದರು. ನಾನು ಆ ಹತ್ತು ನಿಮಿಷದ ದಾರಿಯನ್ನು ನಡೆಯಲು ಇಪ್ಪತ್ತಮೂರು ವರ್ಷ ತೆಗೆದುಕೊಂಡೆ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರೂ ಆಗಿದ್ದೀರಿ. ಶಾಲೆಗೆ ಸೇರಿದ ದಿನ ನಿಮ್ಮ ಮನೆಯವರು ಏನು ಹೇಳಿದ್ದರೆಂಬುದು ನೆನಪಿದ್ದರೆ ಬರೆದು ತಿಳಿಸಿರಿ. ಓದಿ ಸಂತೋಷಪಡುತ್ತೇನೆ.