ನಾಡಿಯ ಲಯ ತಪ್ಪಿದರೆ: ಏಟ್ರಿಯಲ್ ಫಿಬ್ರಿಲೇಶನ್ ಬಗ್ಗೆ ತಿಳಿದಿರಬೇಕಾದದ್ದು

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ಅದು ಸಮವಾಗಿ ಬಡಿಯಬೇಕು. ಒಮ್ಮೆ ಬೇಗ, ಒಮ್ಮೆ ತಡವಾಗಿ, ಯಾವ ಕ್ರಮವೂ ಇಲ್ಲದೆ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು.

ಏನಾಗುತ್ತದೆ?
ಹೃದಯದ ಮೇಲಿನ ಎರಡು ಕೋಣೆಗಳೇ ಹೃತ್ಕರ್ಣಗಳು. ಈ ಕಾಯಿಲೆಯಲ್ಲಿ ಅಲ್ಲಿ ನಿಮಿಷಕ್ಕೆ 300ಕ್ಕೂ ಹೆಚ್ಚು ವಿದ್ಯುತ್ ಸಂಕೇತಗಳು ಅಡ್ಡಾದಿಡ್ಡಿಯಾಗಿ ಹರಿಯುತ್ತವೆ. ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ಅದುರುತ್ತವೆ. ಎಡ ಹೃತ್ಕರ್ಣದ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ಲಕ್ವದ ಅಪಾಯ ಇವರಲ್ಲಿ ಸುಮಾರು 5 ಪಟ್ಟು ಹೆಚ್ಚು.

ಯಾರಿಗೆ?
65 ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಳ, ಬೊಜ್ಜು, ಮದ್ಯಪಾನ ಇರುವವರು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಕಡಿಮೆ ವಯಸ್ಸಿನಲ್ಲೇ ಬರಬಹುದು. ಎದೆಬಡಿತ, ಸುಸ್ತು, ಏದುಸಿರು ಇದರ ಲಕ್ಷಣಗಳು. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಪತ್ತೆ ಹೇಗೆ?
ಇಸಿಜಿಯೇ ಖಚಿತ ಪರೀಕ್ಷೆ. ಬಂದು ಹೋಗುವ ಬಗೆಯದಾದರೆ ಒಂದು ಇಸಿಜಿಯಲ್ಲಿ ಸಿಗದಿರಬಹುದು. ಆಗ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಹೋಲ್ಟರ್ ಕಟ್ಟುತ್ತಾರೆ. ಜೊತೆಗೆ ಎಕೋ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ.

ಚಿಕಿತ್ಸೆ
ಬಡಿತದ ವೇಗ ತಗ್ಗಿಸಲು ಮೆಟೊಪ್ರೊಲಾಲ್‌ನಂಥ ಮಾತ್ರೆಗಳಿವೆ. ಲಯವನ್ನೇ ಸರಿಪಡಿಸಲು ಔಷಧ, ವಿದ್ಯುತ್ ಚಿಕಿತ್ಸೆ, ಅಬ್ಲೇಶನ್ ಇವೆ. ಲಕ್ವ ತಡೆಯುವುದು ಮಾತ್ರ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ಯಾರಿಗೆ ಬೇಕೆಂದು ವಯಸ್ಸು, ಇತರ ಕಾಯಿಲೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ.

ಅಪಿಕ್ಸಬಾನ್, ಡಾಬಿಗಟ್ರಾನ್‌ನಂಥ ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತಪರೀಕ್ಷೆ ಬೇಡ. ಲೋಹದ ಕವಾಟ ಹಾಕಿಸಿಕೊಂಡವರಿಗೆ, ರುಮ್ಯಾಟಿಕ್ ಕಾಯಿಲೆಯಿಂದ ಕವಾಟ ತೀರಾ ಕಿರಿದಾದವರಿಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಕೊಡುತ್ತಾರೆ. ಇವನ್ನು ನುಂಗುವವರು ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು.

ಎದೆಬಡಿತ ನಿಂತಿತೆಂದು ಮಾತ್ರೆ ಬಿಡಬೇಡಿ. ಲಕ್ಷಣ ಹೋದರೂ ಅಪಾಯ ಉಳಿದಿರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ರಕ್ತಸ್ರಾವ ಆಗಬಹುದು. ನಮ್ಮಲ್ಲಿ ಹಲವರು ಕಾಸರಗೋಡಿನಲ್ಲಿ ಒಬ್ಬ ವೈದ್ಯರನ್ನು, ಮಂಗಳೂರಿನಲ್ಲಿ ಇನ್ನೊಬ್ಬರನ್ನು ಕಾಣುವವರು. ಇಬ್ಬರಿಗೂ ಎಲ್ಲ ಚೀಟಿಗಳನ್ನು ತೋರಿಸಿ. ಹಲ್ಲು ಕೀಳಿಸುವ ಮೊದಲೂ ಈ ಮಾತ್ರೆಯ ವಿಷಯ ಹೇಳಿ.

ತಡಮಾಡಬಾರದ ಹೊತ್ತು
ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಕೇರಳದಲ್ಲೂ ಕರ್ನಾಟಕದಲ್ಲೂ ಅದೇ ಸಂಖ್ಯೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಮಲ ಕಪ್ಪಾದರೆ ಕೂಡ ಆಸ್ಪತ್ರೆಗೆ ಹೋಗಿ.

ಈ ವಾರ ಮನೆಯ ಹಿರಿಯರ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ. ಲಯ ತಪ್ಪಿದಂತೆ ಅನಿಸಿದರೆ ಒಂದು ಇಸಿಜಿ ಮಾಡಿಸಿ.