ಬೆಳ್ಳಿಯ ನ್ಯಾನೊಕಣಗಳು: ಕಲಬುರಗಿಯ ಒಂದು ಸಂಶೋಧನಾ ಅಧ್ಯಾಯ

ಕುಡಿಯುವ ನೀರನ್ನು ತಾಮ್ರದ ಕೊಡದಲ್ಲಿಡುವ ವಾಡಿಕೆ ನಮ್ಮಲ್ಲಿ ಬಹು ಹಳೆಯದು. ಅದರ ಕಾರಣವನ್ನು ವಿಜ್ಞಾನ ವಿವರಿಸಿದ್ದು ತಡವಾಗಿ. ಆಧುನಿಕ ವೈದ್ಯದಲ್ಲಿ ಬೆಳ್ಳಿಗೂ ಇಂಥದೇ ಸ್ಥಾನವಿತ್ತು. 1880ರ ದಶಕದಲ್ಲಿ ಜರ್ಮನಿಯ ಕ್ರೇಡೆ ನವಜಾತ ಶಿಶುಗಳ ಕಣ್ಣಿನ ಸೋಂಕನ್ನು ಸಿಲ್ವರ್ ನೈಟ್ರೇಟ್ ಹನಿಯಿಂದ ತಡೆದನು. ಪ್ರತಿಜೈವಿಕಗಳು ಬಂದ ಮೇಲೆ ಬೆಳ್ಳಿ ಹಿಂದೆ ಸರಿಯಿತು. ಅವುಗಳಿಗೆ ರೋಗಾಣುಗಳು ಮಣಿಯದಾದಾಗ ಮತ್ತೆ ಮುಂದೆ ಬಂದಿತು, ಈ ಬಾರಿ ನ್ಯಾನೊಕಣವಾಗಿ.

ಒಂದರಿಂದ ನೂರು ನ್ಯಾನೊಮೀಟರ್ ಗಾತ್ರದ ಕಣದಲ್ಲಿ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಅತ್ಯಧಿಕ. ಅಲ್ಲಿಂದ ಹೊರಬೀಳುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಕೋಶಪೊರೆಯನ್ನೂ ಪ್ರೋಟೀನುಗಳನ್ನೂ ಕೆಡಿಸುತ್ತವೆ. ಇಂಥ ಕಣಗಳನ್ನು ತೀಕ್ಷ್ಣ ರಾಸಾಯನಿಕಗಳಿಲ್ಲದೆ ಶಿಲೀಂಧ್ರದಿಂದಲೇ ಪಡೆಯಬಹುದೆಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು.

ಕಲಬುರಗಿಯ ಕೆಲಸ ಈ ಪರಂಪರೆಗೆ ಸೇರಿದ್ದು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಶಾಸ್ತ್ರ ವಿಭಾಗದಲ್ಲಿ ವಂದನಾ ರಾಥೋಡ್ ಮತ್ತು ಸಹಸಂಶೋಧಕರು ಅರಿಶಿನ ಗಿಡದೊಳಗೆ ವಾಸಿಸುವ ಪೆನಿಸಿಲಿಯಂ ಶಿಲೀಂಧ್ರದಿಂದ ಬೆಳ್ಳಿಯ ಕಣಗಳನ್ನು ಪಡೆದು, ಹಲವು ಔಷಧಗಳಿಗೆ ಮಣಿಯದ ಇ. ಕೋಲೈ ಹಾಗೂ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಇನ್ನೊಂದು ಲೇಖನ ಆಸ್ಪರ್ಜಿಲಸ್ ನೈಜರ್‌ನಿಂದ ಪಡೆದ ಕಣಗಳು ಇ. ಕೋಲೈಯನ್ನು ಹೇಗೆ ಕೊಲ್ಲುತ್ತವೆಂಬುದನ್ನೇ ಕೇಳಿತು. ಉತ್ತರವನ್ನು ಕ್ರಿಯಾಶೀಲ ಆಮ್ಲಜನಕ ರೂಪಗಳಲ್ಲಿ ಹುಡುಕಿತು. ಕೊಲ್ಲುತ್ತದೆ ಎಂದಷ್ಟೇ ಹೇಳಿ ನಿಲ್ಲುವ ಲೇಖನಗಳು ಹೇರಳವಾಗಿರುವಾಗ ಈ ಎರಡನೆಯ ಪ್ರಶ್ನೆಗೆ ಹೆಚ್ಚಿನ ಬೆಲೆಯಿದೆ.

ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಅಲ್ಲಿನ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ಬಾಳೆಸಿಪ್ಪೆಯ ಸಾರದಿಂದಲೂ ಬೆಳ್ಳಿಯ ನ್ಯಾನೊಕಣ ತಯಾರಾಗುವುದನ್ನು ಪುಣೆಯ ಸಂಶೋಧಕರು 2010ರಲ್ಲಿ ವರದಿ ಮಾಡಿದ್ದಾರೆ. ಶಿಲೀಂಧ್ರವನ್ನು ದಿನಗಟ್ಟಲೆ ಬೆಳೆಸುವ ಶ್ರಮ ಅದರಲ್ಲಿಲ್ಲ. ಆದರೆ ತಳಿ ಮತ್ತು ಮಾಗುವಿಕೆಗೆ ತಕ್ಕಂತೆ ಸಿಪ್ಪೆಯ ಘಟಕಗಳು ಬದಲಾಗುವುದರಿಂದ ಪ್ರತಿಸಲವೂ ಒಂದೇ ಗಾತ್ರದ ಕಣ ದೊರೆಯುವುದು ಸುಲಭವಲ್ಲ.

ಗಾಜಿನ ತಟ್ಟೆಯ ಮೇಲಿನ ಗೆಲುವು ರೋಗಿಯ ಗಾಯದಲ್ಲಿನ ಗೆಲುವಲ್ಲ. ಬೆಳ್ಳಿಗೆ ಪ್ರತಿರೋಧವೇ ಹುಟ್ಟದೆಂಬ ನಂಬಿಕೆಯನ್ನು ಇತಿಹಾಸ ಸಮರ್ಥಿಸುವುದಿಲ್ಲ. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರ ಸುಟ್ಟಗಾಯದ ವಿಭಾಗದಲ್ಲಿ ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡುದು 1975ರಲ್ಲಿ ವರದಿಯಾಯಿತು. ಅದರ ಪ್ರತಿರೋಧದ ಜೀನುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ನಲ್ಲಿವೆಯೆಂಬುದನ್ನು 1999ರ ಅಧ್ಯಯನ ಬಿಡಿಸಿ ತೋರಿಸಿತು.